ಅವ್ವ ಮಜ್ಜಿಗೆ ಕೇಳದ ಬೇಸಿಗೆ

ಆಗೆಲ್ಲ ನಮ್ಮ ಏಕಸಂಬಿಯಲ್ಲಿ ಮಜ್ಜಿಗೆಯನ್ನು ಯಾರೂ ಮಾರುತ್ತಿರಲಿಲ್ಲ. ಹಾಲು ಡೇರಿಗೆ ಹೋಗುತ್ತಿತ್ತು, ತುಪ್ಪ ಸಂತೆಗೆ; ಮಜ್ಜಿಗೆ ಮಾತ್ರ ಓಣಿಯದು. ಅವ್ವ ಮೊಸರು ಕಡೆಯುವ ಸಪ್ಪಳ ಕೇಳಿದರೆ ಸಾಕು, ನೆರೆಯ ಹೆಂಗಸರು ತಂಬಿಗೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕೊಟ್ಟವರು ಕೊಟ್ಟೆವೆಂದು ಆಡುತ್ತಿರಲಿಲ್ಲ, ಒಯ್ದವರು ಉಪಕಾರವಾಯಿತು ಅನ್ನುತ್ತಿರಲಿಲ್ಲ.

ಒಂದು ಬೇಸಿಗೆ ನಮ್ಮ ಎಮ್ಮೆ ಗಬ್ಬವಾಗಿ ಹಾಲು ಬತ್ತಿಸಿತು. ಹುಡುಗರಾದ ನಮಗೆ ರೊಟ್ಟಿ, ಶೇಂಗಾ ಚಟ್ನಿ ನಡೆಯುತ್ತಿತ್ತು. ತೊಂದರೆಯಾದದ್ದು ಅಜ್ಜಿಗೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು ಕಲಸಿದರಷ್ಟೇ ಅವಳ ಗಂಟಲಿಗೆ ಇಳಿಯುತ್ತಿತ್ತು. ನೀರಿನಲ್ಲಿ ಕಲಸಿ ಕೊಟ್ಟರೆ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ದಿನದಿನಕ್ಕೆ ಸೊರಗಿದಳು.

ಎದುರು ಮನೆಯ ಕಲಾವತಿ, ನಮಗೆ ಚಿಕ್ಕಮ್ಮನಂಥ ಮಾವಶಿ, ಕಂಡವರ ಕಬ್ಬಿನ ಹೊಲದಲ್ಲಿ ದುಡಿಯುವವಳು. ಎಷ್ಟೋ ವರ್ಷ ನಮ್ಮ ಮಜ್ಜಿಗೆ ಒಯ್ದವಳು, ಆ ವರ್ಷವೇ ಮೊದಲ ಸಲ ಎಮ್ಮೆ ಕಟ್ಟಿದ್ದಳು. ಅವ್ವ ಸೆರಗಿನಡಿ ತಂಬಿಗೆ ಇಟ್ಟುಕೊಂಡು ಅವಳ ಬಾಗಿಲಿಗೆ ಹೋಗುವಳು, ಬಿಸಿಲಿನ ಮಾತಾಡುವಳು, ಹಾಗೆಯೇ ತಿರುಗಿ ಬರುವಳು.

"ಮಜ್ಜಿಗೀಗಿ ಹೋಗಿ ಗಡಿಗಿ ಮುಚ್ಚಿಟ್ಕೊಂಡ್ರ ಯಾರ್ ಹಾಕ್ತಾರ ಬೇ?" ಎಂದು ಅಜ್ಜಿ ಬೈದಳು.

"ಇಷ್ಟ ವರ್ಷ ಕೊಟ್ಟ ಕೈರೀ ಅತ್ತಿ ಇದು. ಹೆಂಗ ಚಾಚ್ಲಿ?" ಅವ್ವ ಅತ್ತೇಬಿಟ್ಟಳು.

ಮರುದಿನ ಬೆಳಿಗ್ಗೆ ಮಾವಶಿ ತಾನೇ ಬಂದು ನಮ್ಮ ಬಾಗಿಲಲ್ಲಿ ನಿಂತಳು. "ವೈನಿ, ಜರಾ ಬರ್ರಿ. ಎಷ್ಟ ಕಡದ್ರೂ ನನ್ನ ಕೈಯಾಗ ಬೆಣ್ಣಿ ಬರವಲ್ದು. ನನಗೆಲ್ಲಿ ರೂಢಿ ಐತ್ರಿ?"

ಅವ್ವನ ಬೆನ್ನಿಗೇ ನಾನೂ ಹೋದೆ. ಓಣಿಯಲ್ಲೊಂದು ಪದ್ಧತಿಯಿತ್ತು: ಇನ್ನೊಬ್ಬರ ಮನೆಯಲ್ಲಿ ಕಡೆದುಕೊಟ್ಟವಳು ಬರಿಗೈಯಲ್ಲಿ ಏಳಬಾರದು, ಮೊದಲ ತಂಬಿಗೆ ಮಜ್ಜಿಗೆ ಅವಳದೇ. ಅವ್ವ ಕಡಗೋಲಿನ ಹಗ್ಗ ಎಳೆದದ್ದೇ ತಡ, ಬೆಣ್ಣೆ ಬಂತು.

"ಅಬ್ಬಾ, ನೋಡ್ರಿ ನಿಮ್ಮ ಕೈಗುಣಾ!" ಎನ್ನುತ್ತ ಮಾವಶಿ ತಂಬಿಗೆ ತುಂಬಿದಳು. ಅಂದು ಅಜ್ಜಿ ಬೆರಳು ಚೀಪಿ ಉಂಡಳು. ನಮ್ಮ ಎಮ್ಮೆ ಕರು ಹಾಕುವವರೆಗೂ ಮಾವಶಿ ದಿನಾ ಬಂದು ಅವ್ವನನ್ನು ಕಡೆಯಲು ಕರೆದೊಯ್ಯುತ್ತಿದ್ದಳು.

ಈಗ ಓಣಿಯಲ್ಲಿ ಎಮ್ಮೆಗಳಿಲ್ಲ. ಮಜ್ಜಿಗೆ ಪಾಕೀಟಿನಲ್ಲಿ ಸಿಗುತ್ತದೆ, ರುಚಿಗೇನೂ ಕೊರತೆಯಿಲ್ಲ. ಮೊನ್ನೆ ಅವ್ವನ ಮುಂದೆ ಈ ಮಾತು ತೆಗೆದೆ.

"ಮಾವಶಿಗೆ ಬೆಣ್ಣಿ ತೆಗ್ಯಾಕ ಬರ್ತಿತ್ತಲ್ಲವಾ?"

"ಬರದೇನೋ! ನಾ ಕೈ ಹಚ್ಚೂದಕ್ಕ ಮೊದಲ ಗಡಿಗ್ಯಾಗ ಬೆಣ್ಣಿ ತೇಲಾಕತ್ತಿತ್ತ. ನಾ ಸುಮ್ಕ ಹಗ್ಗಾ ಎಳದ್ನಿ," ಎಂದು ಅವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವಶಿ ಈಗಿಲ್ಲ. ಅವ್ವ ಇಂದಿಗೂ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅವಳು ಕೇಳುವ ಮೊದಲೇ ತಿಳಿದುಕೊಳ್ಳುವುದು ಮಾವಶಿಗೆ ಬರುತ್ತಿತ್ತು. ಮಗನಾದ ನನಗೆ ಬರುವುದಿಲ್ಲ.