"ಬರ್ರಿ" ಅಳಿಸಿದ ಬೋರ್ಡು

ಮಗಳು ಜೋರಾಗಿ ಪಾಠ ಓದುತ್ತಿದ್ದಳು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹೊಳೆನೀರಿನಿಂದ ಕರೆಂಟು, ಮೇಪಲ್ ಮರದಿಂದ ಸಿಹಿ ಪಾಕ, ಅಂಗಡಿ ಬೋರ್ಡುಗಳ ಮೇಲೆ ಇಂಗ್ಲಿಷಿಗಿಂತ ದೊಡ್ಡದಾಗಿ ಅವರ ಫ್ರೆಂಚ್. ಕೇಳುತ್ತಲೇ ಸುರಪುರದ ನಮ್ಮ ಚಾದಂಗಡಿಯ ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವನಿದ್ದಾಗ ನಮ್ಮಪ್ಪ ಅಂಗಡಿಯ ತಗಡಿನ ಬೋರ್ಡಿನ ಮೇಲೆ ತಾನೇ ಬರೆದಿದ್ದ: "ಚಾ ಕುಡಿಯಾಕ ಬರ್ರಿ." ಮೈಸೂರು ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ನಕ್ಕರು. "ಇದೂ ಕನ್ನಡಾನೇನ್ರೀ?" ಅಪ್ಪ ಅವತ್ತೇ ಅದನ್ನು ಅಳಿಸಿ "ಚಹಾ ಕುಡಿಯಲು ಬನ್ನಿ" ಎಂದು ಬರೆದ.

ಮರುದಿನ, ದಿನಾ ಬರುತ್ತಿದ್ದ ಬೋನಾಳದ ಮುದುಕ ಬೋರ್ಡು ಓದಿ ಬಾಗಿಲಲ್ಲೇ ನಿಂತ. "ಅಂಗಡಿ ಬ್ಯಾರೆದವ್ರಿಗೆ ಕೊಟ್ಟಿಯೇನೋ ತಮ್ಮಾ?" ಅಪ್ಪ ಸ್ಟೋವಿಗೆ ಗಾಳಿ ಹೊಡೆದ.

ಕ್ವಿಬೆಕ್ಕಿನವರ ಹಟ ಅಪ್ಪನಿಗೆ ಒಂದು ಚಮಚವಾದರೂ ಇರಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ, ಮಗಳು ಪುಸ್ತಕ ಮುಚ್ಚಿ ಕರೆದಳು:

"ಅಪ್ಪಾ, ಊಟಕ್ಕೆ ಬನ್ನಿ."