ನಾಲ್ಕು ಗಂಟೆ ಅಲುಗಾಡದ ವಿಗ್ರಹ

ವೈದ್ಯವಿಜ್ಞಾನದ ಮುನ್ನಡೆಗೆ ಎಲ್ಲೆಯಿಲ್ಲ. ಮಗುವಿನ ತೊಡೆಸಂದಿಯಲ್ಲಿ ಚುಚ್ಚಿ, ಶಾವಿಗೆಯಷ್ಟು ತೆಳ್ಳಗಿನ ಕ್ಯಾತಿಟರ್ ಎಂಬ ನಳಿಕೆಯನ್ನು ರಕ್ತನಾಳದೊಳಗೆ ತೂರಿಸಿ, ಎಕ್ಸ್-ರೇ ಪರದೆ ನೋಡಿಕೊಂಡು ಅದನ್ನು ಅಂಗೈವರೆಗೂ ನಡೆಸಬಹುದು. ಆಮೇಲೆ ಆ ಮಗು ನಾಲ್ಕು ಗಂಟೆ ಕಾಲು ಮಡಚದಂತೆ ನೋಡಿಕೊಳ್ಳುವ ಉಪಕರಣ ಮಾತ್ರ ಇನ್ನೂ ಯಾವ ದೇಶದಲ್ಲೂ ತಯಾರಾಗಿಲ್ಲ.

ನಾನು ನಿವೃತ್ತನಾಗುವುದಕ್ಕೆ ಹಿಂದಿನ ವರ್ಷ, ಕೋಲಾರದ ಬಳಿಯ ಆಸ್ಪತ್ರೆಯೊಂದರಲ್ಲಿ ಇಂಟರ್‌ವೆನ್ಷನಲ್ ರೇಡಿಯಾಲಜಿ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ನಾನೊಬ್ಬನೇ ವೈದ್ಯನಾದ್ದರಿಂದ ಆ ಹುದ್ದೆಗೆ ಪೈಪೋಟಿ ಇರಲಿಲ್ಲ. ಶಿವಾರಪಟ್ಟಣದಿಂದ ಆರು ವರ್ಷದ ಲಾವಣ್ಯಳನ್ನು ತಾಯಿ ಸುಜಾತಮ್ಮ ಮತ್ತು ತಾಯಿಯ ತಂದೆ ನಂಜುಂಡಾಚಾರಿ ಕರೆತಂದರು. ಅವಳ ಎಡಗೈಯಲ್ಲಿ ಎವಿಎಂ ಇತ್ತು. ಎಂದರೆ ರಕ್ತನಾಳಗಳು ಹುಟ್ಟಿನಿಂದಲೇ ಸಿಕ್ಕುಸಿಕ್ಕಾಗಿ ಹೆಣೆದುಕೊಂಡ ಗಂಟು. ಎರಡು ಬೆರಳು ಬಾತು, ಹುಣ್ಣಾಗಿ, ಆಗಾಗ ರಕ್ತ ಸೋರುತ್ತಿತ್ತು. ಅವನ್ನು ತೆಗೆಯಬೇಕಾಗಬಹುದು ಎಂದು ಬೇರೆ ಕಡೆ ಹೇಳಿದ್ದರು. ಗಂಟಿಗೆ ರಕ್ತ ಹರಿಸುವ ನಾಳಗಳನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಷನ್ ಮಾಡೋಣ, ಎರಡು ಸಲ ಬೇಕಾಗುತ್ತದೆ ಎಂದೆ.

ಮೊದಲನೆಯದು ಚೆನ್ನಾಗಿಯೇ ಆಯಿತು. ವಾರ್ಡಿಗೆ ಬಂದು ಮುಕ್ಕಾಲು ಗಂಟೆಗೆ, ಕಿಟಕಿಯಾಚೆ ಕೋತಿ ಬಂತೆಂದು ಲಾವಣ್ಯ ಎದ್ದು ಕೂತಳು. ಚುಚ್ಚಿದ ಜಾಗದಲ್ಲಿ ರಕ್ತ ಒಸರಿ ತೊಡೆ ಊದಿ ನೀಲಿಯಾಯಿತು. ಅರ್ಧ ಗಂಟೆ ನಾನೇ ಒತ್ತಿ ಹಿಡಿದು ನಿಲ್ಲಿಸಿದೆ. ಅಷ್ಟರಲ್ಲಿ ಕೋತಿ ಹೊರಟುಹೋಗಿತ್ತು.

ಆರು ವಾರದ ನಂತರ ಎರಡನೆಯದಕ್ಕೆ ಬಂದಾಗ ಸುಜಾತಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೊಲ್ಲರು. “ಕೈಗೆ ಅಂತ ಬಂದು ಕಾಲು ಕಳ್ಕೊಳ್ಳೋದಾ ಸಾರ್? ಬೇಡ ಬಿಡಿ.” ಭಯ ಸುಳ್ಳಲ್ಲ. ಈ ಸಲ ಇನ್ನೊಂದು ತೊಡೆಯಿಂದ ಹೋಗುವವನಿದ್ದೆ. ಅಲ್ಲೂ ಹಾಗೇ ಆಗಿ ನಾಳ ಮುಚ್ಚಿಕೊಂಡರೆ ಕಾಲಿಗೇ ಅಪಾಯ. ಮಗುವಿಗೆ ಉಬ್ಬಸವಿದ್ದುದರಿಂದ ಚಿಕಿತ್ಸೆ ಮುಗಿದ ಮೇಲೂ ಅಷ್ಟು ಹೊತ್ತು ಮಂಪರಿನಲ್ಲಿಡಲು ಅರಿವಳಿಕೆ ವೈದ್ಯರು ಒಪ್ಪಲಿಲ್ಲ. ಚಿಕಿತ್ಸೆಯನ್ನೇ ಕೈಬಿಟ್ಟರೆ ಬೆರಳು ಉಳಿಯುವಂತಿರಲಿಲ್ಲ.

ಐವತ್ತು ವರ್ಷ ದೇವರ ವಿಗ್ರಹ ಕೆತ್ತಿದ ಆಚಾರಿಯವರು ಆಗ ಬಾಯಿ ಬಿಟ್ಟರು. “ಎಷ್ಟ್ ಹೊತ್ತು ಅಲುಗಾಡ್ಬಾರ್ದು?”

“ನಾಲ್ಕು ಗಂಟೆ.”

“ಅಷ್ಟೇನಾ? ನಮ್ಮನೇಲಿ ದೇವ್ರುಗಳು ಆರಾರ್ ತಿಂಗ್ಳು ಮಿಸುಕಲ್ಲ.”

“ಅವಕ್ಕೆ ಕೋತಿ ಕಾಣ್ಸಲ್ಲಪ್ಪ,” ಎಂದರು ಸುಜಾತಮ್ಮ.

“ಕಾಣ್ಸಲ್ಲ. ಅದಕ್ಕೇ ಕಣ್ಣು ಕಡೇಗೆ ಬಿಡ್ಸೋದು.”

ಸುಜಾತಮ್ಮ ಅಪ್ಪನ ಮುಖ ನೋಡಿ, ಪೆನ್ನು ತೆಗೆದುಕೊಂಡರು.

ಮರುದಿನ ಹನ್ನೊಂದಕ್ಕೆ ಎರಡನೇ ಎಂಬೊಲೈಸೇಷನ್ ಮುಗಿಯಿತು. ಲಾವಣ್ಯ ಪೂರ್ತಿ ಎಚ್ಚರವಾದಾಗ ತಾತ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. “ಬುಜ್ಜಿ, ನೀನೀಗ ವಿಗ್ರಹ. ನಾನು ಕಣ್ಣು ತೆರೆಸೋವರ್ಗೂ ಮಿಸುಕಬಾರ್ದು. ಮಿಸುಕಿದ್ರೆ ಮುಕ್ಕಾಗ್ತದೆ. ಮುಕ್ಕಾದ ದೇವ್ರಿಗೆ ಪೂಜೆ ಇಲ್ಲ ಕಣೇ.”

ಹುಡುಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು: “ನನ್ ಕೈ ಆಗ್ಲೇ ಮುಕ್ಕಾಗೈತಲ್ಲ ತಾತ?”

ಸುಜಾತಮ್ಮ ಮುಖ ಆಚೆ ತಿರುಗಿಸಿದರು. ನನಗೂ ಕೇಸ್ ಶೀಟಿನಲ್ಲಿ ತುರ್ತಾಗಿ ಓದಬೇಕಾದದ್ದೇನೋ ಕಂಡಿತು.

“ಮುಕ್ಕಲ್ಲ ಕಣೇ ಅದು. ಕೆಲ್ಸ ಇನ್ನೂ ಮುಗ್ದಿಲ್ಲ, ಅಷ್ಟೇ. ಡಾಕ್ಟ್ರು ಕೆತ್ತುತಾ ಅವ್ರೆ. ನಿಧಾನದ್ ಮನುಷ್ಯ.”

ಅರ್ಧ ಗಂಟೆಗೊಮ್ಮೆ ಪಾದದ ನಾಡಿ ನೋಡಲು ಹೋಗುತ್ತಿದ್ದೆ. ಒಮ್ಮೆ ವಿಗ್ರಹ ತುಟಿ ಅಲುಗಿಸದೆ ಕೇಳಿತು: “ಡಾಕ್ಟ್ರೇ, ಸ್ನಾನ ಆಯ್ತಾ? ದೇವ್ರನ್ನ ಮುಟ್ತಾ ಇದೀರ.” ಬೆಳಿಗ್ಗೆಯೇ ಆಯಿತೆಂದು ವರದಿ ಒಪ್ಪಿಸಿದೆ. ಅದುವರೆಗೆ ಯಾವ ತಪಾಸಣಾ ಸಮಿತಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ.

ನಡುವೆ ಒಂದಷ್ಟು ಹೊತ್ತು ನಿದ್ದೆ ಹೋದಳು. ಎರಡೂವರೆಗೆ ಕಿಟಕಿಯ ಸರಳಿನ ಸದ್ದಾಯಿತು. ಸುಜಾತಮ್ಮ ಗಾಬರಿಯಿಂದ ಮಗಳ ಮಂಡಿಯ ಮೇಲೆ ಕೈಯಿಟ್ಟರು.

“ತಾತ, ಕೋತಿನಾ?”

ಇಲ್ಲವೆನ್ನುತ್ತಾರೆಂದುಕೊಂಡೆ. ಆಚಾರಿಯವರು ಸುಳ್ಳು ಹೇಳಲಿಲ್ಲ. “ಹೂಂ. ಎರಡು. ಒಂದು ನಿನ್ ಬಿಸ್ಕತ್ತೇ ನೋಡ್ತಾ ಐತೆ.”

ಕಾಲಿನ ಹೆಬ್ಬೆರಳು ಒಮ್ಮೆ ನಡುಗಿತು. ಅಲ್ಲಿಗೇ ನಿಂತಿತು.

“ತಿನ್ಲಿ ಬಿಡು,” ಎಂದಳು ಲಾವಣ್ಯ.

ಮೂರು ಗಂಟೆಗೆ ಪಟ್ಟಿ ಬಿಚ್ಚಿ ನೋಡಿದೆ: ರಕ್ತವಿಲ್ಲ, ಊತವಿಲ್ಲ, ನಾಡಿ ಸರಿಯಾಗಿದೆ. ವಿಗ್ರಹಕ್ಕೆ ಕಣ್ಣು ತೆರೆಸಿದಾಗ ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕೆಂಬ ಪದ್ಧತಿಯಂತೆ ಆಚಾರಿಯವರು ಕನ್ನಡಿ ಕೇಳಿದರು. ನರ್ಸ್ ತಮ್ಮ ಬ್ಯಾಗಿನಿಂದ ಪುಟ್ಟದೊಂದು ಕೊಟ್ಟರು. ಮೊಮ್ಮಗಳ ಮುಖದೆದುರು ಅದನ್ನು ಹಿಡಿದು, ರೆಪ್ಪೆಯ ಮೇಲೆ ಬೆರಳಾಡಿಸಿದರು. ಲಾವಣ್ಯ ಕಣ್ಣು ಬಿಟ್ಟು, ಕನ್ನಡಿಯನ್ನು ಪಕ್ಕಕ್ಕೆ ತಳ್ಳಿ, ಕಿಟಕಿ ನೋಡಿದಳು.

ನಳಿಕೆ ನಡೆಸುವುದನ್ನು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿದಿತ್ತು. ನಾಲ್ಕು ಗಂಟೆಯ ವಿದ್ಯೆ ರೋಗಿಯ ಮನೆಯಲ್ಲೇ ಇರಬಹುದೆಂದು ತಿಳಿದದ್ದು ಅವತ್ತು. ಅಲ್ಲಿಂದಾಚೆಗೆ ಒಪ್ಪಿಗೆ ಪತ್ರ ಕೊಡುವ ಮೊದಲು, ಮನೆಯಲ್ಲಿ ಏನು ಕಸುಬು ಎಂದು ಕೇಳುತ್ತಿದ್ದೆ.

ಹುಣ್ಣು ಮೂರು ತಿಂಗಳಲ್ಲಿ ಮಾಯಿತು. ಲಾವಣ್ಯ ಈಗ ಮೂರನೇ ತರಗತಿ. ಎಡಗೈಯಲ್ಲಿ ಐದು ಬೆರಳಿವೆ.