ಅಕ್ಬರಬಿಯ ಬಿಳಿ ಬಟ್ಟೆ

ಅಕ್ಬರಬಿ ಸುಮ್ಮನೆ ಕೂತಿದ್ದನ್ನು ಕಂಡವರು ರಾಣೆಬೆನ್ನೂರಿನಲ್ಲಿ ಯಾರಾದರೂ ಇದ್ದರೆ ಮುಂದೆ ಬಂದು ಹೇಳಲಿ. ಚಹಾವನ್ನೂ ನಿಂತೇ ಕುಡಿಯುವ ಹೆಂಗಸು ಆಕೆ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಎದುರಿಗೆ ನಿಂತ ಬೈಕು ಯಾರದೇ ಆಗಿರಲಿ, ಮಾತಾಡುತ್ತ ಮಾತಾಡುತ್ತಲೇ ಅದರ ಟ್ಯಾಂಕು ಒರೆಸಿ ಮುಗಿಸಿರುತ್ತಾಳೆ. ‘ಕಾಲಿಗೆ ಚಕ್ರ ಕಟಗೊಂಡ ಹುಟ್ಟೀಯೇನ’ ಎಂದು ಗಂಡ ಮಲ್ಲಿಕಸಾಬ ಕೇಳಿ ಕೇಳಿ ಸೋತು, ಈಗ ಕೇಳುವುದನ್ನೇ ಬಿಟ್ಟಿದ್ದಾನೆ.

ಆಕೆಯದು ಹತ್ತಿ ಹಿಂಜುವವರ ಮನೆತನ. ತವರು ಬ್ಯಾಡಗಿ. ಹದಿನಾಲ್ಕನೆಯ ವಯಸ್ಸಿಗೆ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸಲು ಹಿಡಿದವಳು, ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೂ ದಿನಾ ಟೆಂಪೊ ಹತ್ತಿ ಹೋಗಿ ಅದನ್ನೇ ಮಾಡಿದಳು. ಒಟ್ಟು ಇಪ್ಪತ್ತನಾಲ್ಕು ವರ್ಷ. ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿ ಇದು ಡಬ್ಬಿ, ಇದು ಕಡ್ಡಿ ಎಂದು ಕಾಯಿಯ ಜಾತಿ ಹೇಳುತ್ತಿದ್ದಳು. ಆಮೇಲೆ ಮೈಯೆಲ್ಲ ಉರಿ ಹತ್ತಿ, ಸಾಕಪ್ಪ ಸಾಕು ಎಂದು ಬಿಟ್ಟು, ಗಂಡನ ಪಾಲಿಶ್ ಅಂಗಡಿಯಲ್ಲಿ ಕೈಜೋಡಿಸಿದಳು. ಮಲ್ಲಿಕಸಾಬ ಹಾವೇರಿಯ ಗ್ಯಾರೇಜಿನಲ್ಲಿ ಹತ್ತು ವರ್ಷ ಗಾಡಿಗಳಿಗೆ ಬಣ್ಣ ಹೊಡೆದವನು. ಹೆಂಡತಿಗೆ ಎಲ್ಲ ಕಲಿಸಿದ. ಕಲಿತವಳ ಕೈ ಕಲಿಸಿದವನಿಗಿಂತ ಹಗುರ ಎಂದು ಒಂದು ದಿನ ಅವನಿಗೇ ಗೊತ್ತಾಯಿತು. ಪಾಪ, ಒಳ್ಳೆಯ ಮನುಷ್ಯ, ಹೊಟ್ಟೆಕಿಚ್ಚುಪಡಲಿಲ್ಲ. ಕುಮಾರಪಟ್ಟಣದ ಫ್ಯಾಕ್ಟರಿಗೆ ಕೆಲಸಗಾರರನ್ನು ಒಯ್ಯುವ ಬಸ್ಸಿನ ಡ್ರೈವರಾಗಿ ಸೇರಿಕೊಂಡು, ಅಂಗಡಿಯನ್ನು ಆಕೆಗೇ ಬಿಟ್ಟ.

ಕಳೆದ ತಿಂಗಳು ಪಿ.ಬಿ. ರಸ್ತೆಯಲ್ಲಿನ ಅಂಗಡಿಯ ತಗಡಿನ ಶೆಡ್ಡಿಗೆ ಹೊಸ ಬೋರ್ಡು ಏರಿತು: ‘ಅಕ್ಬರಬಿ ಕಾರ್ ಪಾಲಿಶ್’. ಬೋರ್ಡು ಏರಿದ್ದೇ ತಡ, ಗಿರಾಕಿ ಇಳಿಯಿತು. ಬಂದವರು ಕಾರಿನಿಂದ ತಲೆ ಹೊರಗೆ ಹಾಕಿ, ‘ಮಲ್ಲಿಕಸಾಬ ಇಲ್ಲೇನ್ರಿ?’ ಎನ್ನುವರು.

‘ಇಲ್ರಿ. ನಾ ಅದೇನಿ. ಬರ್ರಿ.’

‘ಹಂಗಾರ ಆಮ್ಯಾಲೆ ಬರತೇವ್ರಿ.’

ಆ ಆಮ್ಯಾಲೆ ಇನ್ನೂ ಬಂದಿಲ್ಲ. ಹೆಂಗಸಿನ ಕೈಯಿಂದ ರೊಟ್ಟಿ ತಿನ್ನುತ್ತಾರೆ, ಕಾರು ಕೊಡಲು ಮಾತ್ರ ಇವರಿಗೆ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ತಿಂಗಳು ಹೀಗೇ ಹೋದರೆ ಬೋರ್ಡು ಇಳಿಸಿ ಮತ್ತೆ ಮೆಣಸಿನಕಾಯಿ ರಾಶಿಯ ಮುಂದೆ ಕೂರಬೇಕು. ಅದನ್ನು ನೆನೆದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಬುಧವಾರ ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿಜಯಮಹಾಂತೇಶ ತನ್ನ ಹಳೆಯ ಕೆಂಪು ಕಾರು ತಂದು ನಿಲ್ಲಿಸಿದ. ನಲವತ್ತರ ಆಸುಪಾಸು, ಮಾತು ಕಡಿಮೆ, ಆದರೆ ಅವನು ಒಂದು ಮಾತು ಆಡಿದರೆ ಬ್ಯಾಡಗಿಯ ಅರ್ಧ ಪೇಟೆ ಕೇಳುತ್ತದೆ.

‘ಅಕ್ಕಾರ, ಶುಕ್ರವಾರ ಹೊಸ ಅಂಗಡಿ ಪೂಜಾ ಐತ್ರಿ. ಇದು ನಮ್ಮ ಅಂಗಡಿ ಮೊದಲನೇ ಕಾರು, ಹದಿನೆಂಟು ವರ್ಷದ್ದು. ಬಾಗಲದಾಗ ಇದನ್ನ ನಿಲ್ಲಸೂದು. ಪೂಜಾಕ್ಕ ನಮ್ಮ ದೋಸ್ತರು ಹತ್ತ ಹನ್ನೆರಡು ಮಂದಿ ಬರತಾರ. ಎಲ್ಲಾರ ಮನ್ಯಾಗೂ ಕಾರ ಅದಾವ. ನಿಮ್ಮ ಕೆಲಸ ಅವರ ಕಣ್ಣಿಗೆ ಬೀಳಲಿ.’

‘ಯಾವಾಗ ಬರತೀರಿ, ಸಾವಕಾರ್ರ?’

‘ಸಂಜೀಕ. ಐದಕ್ಕ.’

ಅವನು ಹೋದ ಮೇಲೆ ಅಕ್ಬರಬಿ ಕಾರಿನ ಸುತ್ತ ಏಳೆಂಟು ಸುತ್ತು ಹಾಕಿದಳು. ಬಣ್ಣ ಮಂಕಾಗಿತ್ತು. ಸೀಸನ್ ಪೂರ್ತಿ ಚೀಲ ಝಾಡಿಸುವ ಶೆಡ್ಡಿನಲ್ಲೇ ನಿಂತ ಗಾಡಿ, ಮಂಕಾಗದೆ ಏನಾದೀತು. ಈಗ ಪ್ರಶ್ನೆ ಒಂದೇ: ಯಾವ ಪಾಲಿಶ್?

ಕಾರಿನ ಬಣ್ಣದಲ್ಲಿ ಎರಡು ಜಾತಿ. ಹಳೆಯ ಕಾಲದ್ದರಲ್ಲಿ ಬಣ್ಣವೇ ಮೇಲಿನ ಪದರ. ಅದು ಸತ್ತು ಮಂಕಾದರೆ ಗಟ್ಟಿ ಕಾಂಪೌಂಡ್ ಎಂಬ ತರಿತರಿ ಪಾಲಿಶ್ ಹಾಕಿ ಮಷೀನಿನಿಂದ ತಿಕ್ಕಬೇಕು, ಕೆಳಗಿನ ಜೀವಂತ ಬಣ್ಣ ಎದ್ದು ಬರುತ್ತದೆ. ಆಮೇಲಿನ ಜಾತಿಯಲ್ಲಿ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ, ಕ್ಲಿಯರ್ ಕೋಟ್ ಎನ್ನುತ್ತಾರೆ. ಅದಕ್ಕೆ ನಯವಾದ ಪಾಲಿಶ್ ಸಾಕು. ಗಟ್ಟಿಯದನ್ನು ಹಾಕಿ ತಿಕ್ಕಿದಿರೋ, ಪದರವೇ ಹಾರಿಹೋಗುತ್ತದೆ. ಹೋದದ್ದು ಯಾವ ದೇವರಿಗೆ ಹರಕೆ ಹೊತ್ತರೂ ತಿರುಗಿ ಬರುವುದಿಲ್ಲ. ಹದಿನೆಂಟು ವರ್ಷದ ಹಿಂದಿನ ಕೆಂಪು ಕಾರಿನಲ್ಲಿ ಎರಡೂ ಜಾತಿ ಬರುತ್ತಿದ್ದವು. ನೋಡಿ ಹೇಳುವುದು ಕಷ್ಟ. ತಿಳಿಯಲು ಮಲ್ಲಿಕಸಾಬ ಕಲಿಸಿದ ದಾರಿ ಸರಳ: ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮೂಲೆಯಲ್ಲಿ ತಿಕ್ಕು. ಬಟ್ಟೆಗೆ ಬಣ್ಣ ಬಂದರೆ ಹಳೆಯ ಜಾತಿ, ಬಾರದಿದ್ದರೆ ಮೇಲೆ ಪದರವಿದೆ.

ಶಾಂಪೂ ಹಾಕಿ ತೊಳೆದಳು. ತೊಳೆದ ಮೇಲೆ ಕ್ಲೇ ಎಂಬ ಜಿಗುಟು ಮುದ್ದೆಯಿಂದ ಮೈಯೆಲ್ಲ ಉಜ್ಜಿ, ನೀರಿಗೆ ಬಿಡದ ಕೊಳೆಯನ್ನು ಎಳೆದು ತೆಗೆಯಬೇಕು. ಅದಕ್ಕೆ ಒಂದೂವರೆ ತಾಸು. ಐದು ಗಂಟೆ ಐದು ಗಂಟೆ ಎಂದು ತಲೆಯೊಳಗೆ ಬಡಿಯುತ್ತಿತ್ತು. ಕ್ಲೇ ಬಿಟ್ಟಳು. ಬಿಳಿ ಬಟ್ಟೆ ತೆಗೆದು ಬಾನೆಟ್ಟಿನ ಮೂಲೆಯಲ್ಲಿ ತಿಕ್ಕಿದಳು. ಬಟ್ಟೆ ಕೆಂಪಾಯಿತು. ಚೆನ್ನಾಗಿ, ದಂಡಿಯಾಗಿ ಕೆಂಪಾಯಿತು. ಹಳೆಯ ಜಾತಿ ಎಂದು ನಿಶ್ಚಯಿಸಿ, ಗಟ್ಟಿ ಕಾಂಪೌಂಡಿನ ಡಬ್ಬಿ ತೆರೆದು ಮಷೀನು ಹಚ್ಚಿದಳು.

ಮೊದಲ ಹತ್ತು ನಿಮಿಷ ಮಷೀನಿನ ಪ್ಯಾಡೂ ಕೆಂಪಾಗಿತ್ತು. ಆಮೇಲೆ ಕೆಂಪು ಬರುವುದು ನಿಂತು ಬಿಳಿ ನೊರೆ ಬರತೊಡಗಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಕೈಗೆ ಅದು ಗೊತ್ತಾಯಿತು, ತಲೆ ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ. ಬಾನೆಟ್ಟಿನ ನಡುವೆ ಗೆರೆಯಂತೆ ಎದ್ದ ಏಣಿನ ಮೇಲೆ ಎರಡನೆಯ ಸಲ ಮಷೀನು ಹಾಯಿಸಿದಾಗ ಕೆಂಪು ಮತ್ತೆ ಬಂತು. ಒರೆಸಿ ನೋಡಿದರೆ, ಏಣಿನ ಉದ್ದಕ್ಕೆ ಒಂದು ಗೇಣು ಜಾಗ ಹೊಳಪು ಸತ್ತು ಸುಣ್ಣ ಬಳಿದ ಗೋಡೆಯಂತೆ ಮಂಕಾಗಿತ್ತು. ಅದರ ಸುತ್ತ ಪದರದ ಅಂಚು ಕಾಣುತ್ತಿತ್ತು.

ಪದರ ಇತ್ತು. ಹಾಗಾದರೆ ಬಟ್ಟೆಗೆ ಕೆಂಪು ಬಂದದ್ದು ಎಲ್ಲಿಂದ? ಮಷೀನು ಕೆಳಗಿಟ್ಟು ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದಾಡಿದಳು. ಡಬ್ಬಿಯ ಮೇಲಿನ ಅಕ್ಷರ ಮತ್ತೆ ಓದಿದಳು. ತಿಳಿಯಲಿಲ್ಲ.

ಆಗಲೇ ಮಗಳು ಮೆಹಬೂಬಿ ಬುತ್ತಿ ತಂದಳು. ಬಾಣಂತನಕ್ಕೆ ಬಂದವಳು, ನಾಲ್ಕು ತಿಂಗಳ ಗಂಡುಕೂಸು ಸೊಂಟದ ಮೇಲಿತ್ತು. ಬುತ್ತಿ ಇಡಲು ಜಾಗ ಮಾಡೋಣವೆಂದು ಸ್ಟೂಲಿನ ಮೇಲಿದ್ದ ಬಿಳಿ ಬಟ್ಟೆ ಎತ್ತಿ ಝಾಡಿಸಿದಳು. ಕೂಸು ಸೀನಿತು. ಅವಳೂ ಸೀನಿದಳು. ಒಂದಲ್ಲ, ಮೂರು ಸಲ.

‘ಏನ ಬೇ ಇದು, ಮೆಣಸಿನಕಾಯಿ ಒರಸೀಯೇನ? ಘಾಟು ನೆತ್ತಿಗೆ ಏರತೈತಿ.’

ಅಕ್ಬರಬಿ ಬಟ್ಟೆ ಕಸಿದುಕೊಂಡು ಮೂಗಿಗೆ ಒತ್ತಿಕೊಂಡಳು. ಏನೂ ಇಲ್ಲ. ನಾಲಿಗೆಯ ತುದಿಗೆ ಮುಟ್ಟಿಸಿದಳು. ಬ್ಯಾಡಗಿ ಕಾಯಿಯ ಗುಣವೇ ಅದು, ಬಣ್ಣ ಮುಂದು, ಖಾರ ಹಿಂದು. ನಿಧಾನ ಉರಿ ಹತ್ತಿತು. ಬಟ್ಟೆಗೆ ಹತ್ತಿದ ಕೆಂಪು ಕಾರಿನದಲ್ಲ. ಎಷ್ಟೋ ಸೀಸನ್ನಿನ ಮೆಣಸಿನ ಧೂಳು ಎಣ್ಣೆ ಬಿಟ್ಟು, ಬಿಸಿಲಿಗೆ ಬೆಂದು ಬಣ್ಣದ ಮೇಲೆ ಇನ್ನೊಂದು ಬಣ್ಣವಾಗಿ ಕೂತಿತ್ತು. ರಾಣೆಬೆನ್ನೂರಿನ ಯಾವ ಪಡ್ಡೆ ಹುಡುಗ ಬಟ್ಟೆ ಹಿಡಿದಿದ್ದರೂ ಒಂದು ಸಲ ಸೀನಿ ಗುರುತು ಹಿಡಿಯುತ್ತಿದ್ದ. ಇಪ್ಪತ್ತನಾಲ್ಕು ವರ್ಷ ಆ ಧೂಳು ಕುಡಿದವಳಿಗೆ ಮಾತ್ರ ಗೊತ್ತಾಗಲಿಲ್ಲ.

ಇನ್ನು ಮುಚ್ಚಿಟ್ಟು ಫಲವಿಲ್ಲ, ಹೇಳಿಬಿಡುತ್ತೇನೆ. ಅಕ್ಬರಬಿಗೆ ಹನ್ನೆರಡು ವರ್ಷದಿಂದ ವಾಸನೆ ಬರುತ್ತಿರಲಿಲ್ಲ. ಒಂದು ದಿನ ಬೆನ್ನ ಹಿಂದೆ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರಕಲಾಗುವ ತನಕ ಆಕೆಗೆ ಅರಿವಿಲ್ಲ. ಆವತ್ತು ತಿಳಿಯಿತು. ಆಗ ಮುಗ್ಗಿದ ಕಾಯಿ ಆರಿಸುವ ಕೆಲಸ, ಮೂಸಿ ಆರಿಸಬೇಕು. ಹೇಳಿದರೆ ಕೂಲಿ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡಳು. ಅಕ್ಕಪಕ್ಕದವರ ಮುಖ ನೋಡಿ ಮುಗ್ಗು ಯಾವುದು ಎಂದು ತಿಳಿಯುವುದನ್ನು ಕಲಿತಳು. ಆಮೇಲೆ ಅದೇ ರೂಢಿಯಾಯಿತು. ಗಂಡನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಪಾಲಿಶ್ ಕೆಲಸಕ್ಕೆ ಬಂದ ಮೇಲೆ ಥಿನ್ನರು, ಪೆಟ್ರೋಲು ಎಲ್ಲ ಡಬ್ಬಿಯ ಬಣ್ಣದಿಂದ ಗುರುತು. ಮೊದಲೇ ಹೆಂಗಸು ಎಂದು ಕಾರು ಕೊಡುವವರಿಲ್ಲ, ಇದು ಬೇರೆ ಗೊತ್ತಾದರೆ ಮುಗಿಯಿತು ಎಂಬ ಭಯ.

‘ಅವ್ವ, ಯಾಕ ಹಂಗ ನಿಂತಿ?’

ಅಕ್ಬರಬಿ ಬಾನೆಟ್ಟಿನ ಏಣು ತೋರಿಸಿ, ಆದದ್ದನ್ನು ಹೇಳಿದಳು. ವಾಸನೆಯ ಮಾತು ಮಾತ್ರ ನುಂಗಿದಳು. ‘ನೆಗಡಿ ಆಗೈತಿ, ತಿಳೀಲಿಲ್ಲ’ ಎಂದಳು.

ಮೆಹಬೂಬಿ ಶೆಲ್ಫಿನತ್ತ ನೋಡಿದಳು. ಅಲ್ಲಿ ಗ್ಲೇಜ್ ಡಬ್ಬಿ ಇತ್ತು. ಹಳೆಯ ಕಾರು ಮಾರುವವರ ಪ್ರೀತಿಯ ಮಾಲು ಅದು. ಹಚ್ಚಿದರೆ ಯಾವ ಕಲೆಯೂ ಮಾಯ, ಕನ್ನಡಿಯಂಥ ಹೊಳಪು. ಮೂರು ಸಲ ಕಾರು ತೊಳೆಯುವ ತನಕ.

‘ಹಚ್ಚಿಬಿಡು ಬೇ. ಶುಕ್ರವಾರ ದಾಟಲಿ. ಮಂದಿ ಎಲ್ಲಾ ನೋಡಲಿ. ಆಮ್ಯಾಲಿಂದ ಆಮ್ಯಾಲೆ.’

ಅಕ್ಬರಬಿ ಡಬ್ಬಿ ತೆಗೆದಳು, ಇಟ್ಟಳು. ಮತ್ತೆ ತೆಗೆದಳು. ಉಳಿದ ಕಾರನ್ನು ಕ್ಲೇ ಹಾಕಿ ಉಜ್ಜಿ, ನಯವಾದ ಪಾಲಿಶಿನಿಂದ ಮುಗಿಸುವ ಹೊತ್ತಿಗೆ ನಾಲ್ಕೂವರೆ. ಊಟ ಮಾಡಲಿಲ್ಲ. ಕೊನೆಗೆ, ದೇವರು ನೋಡುತ್ತಾನೆ ಎಂದು ಗೊತ್ತಿದ್ದೂ, ಏಣಿನ ಮೇಲೆ ಗ್ಲೇಜ್ ಹಚ್ಚಿದಳು. ಕಲೆ ಮಾಯವಾಯಿತು. ಆಕೆಗೆ ಸಮಾಧಾನವಾಗಲಿಲ್ಲ, ಡಬ್ಬಿಯನ್ನು ಶೆಲ್ಫಿನ ಹಿಂದಕ್ಕೆ ತಳ್ಳಿದಳು.

ಐದಕ್ಕೆ ವಿಜಯಮಹಾಂತೇಶ ಬಂದ. ಕಾರು ನೋಡಿ ನಿಂತೇಬಿಟ್ಟ. ಬಾನೆಟ್ಟಿನಲ್ಲಿ ಅವನ ಮುಖ ಕಾಣುತ್ತಿತ್ತು.

‘ಅಕ್ಕಾರ, ಖರೇ ಹೇಳತೇನಿ, ತಂದ ದಿನಾನೂ ಹಿಂಗ ಇರಲಿಲ್ಲ. ಹಾವೇರ್ಯಾಗ ಇಬ್ಬರ ಕಡೆ ತೋರಿಸಿದ್ದೆ, ಆಗೂದಿಲ್ಲ ಅಂದ್ರು. ನಿಮಗ ಹೆಂಗ ತಿಳೀತ್ರಿ ಇದಕ್ಕ ಯಾವ ಪಾಲಿಶ್ ಬೇಕಂತ? ಶುಕ್ರವಾರ ನಮ್ಮ ಮಂದಿಗೆ ಹೇಳಬೇಕು.’

ಹೊಗಳಿಕೆಗೆ ಬಾಯಿ ತುಂಬ ನಗಬೇಕಾದವಳು ಬಟ್ಟೆಯ ಅಂಚು ಹಿಂಡುತ್ತ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಕಣ್ಣಲ್ಲೇ ಬೇಡ ಬೇಡ ಎಂದು ಮೆಹಬೂಬಿ ಹೇಳುತ್ತಿದ್ದಳು. ಅಕ್ಬರಬಿ ಬಟ್ಟೆಗೆ ಪೆಟ್ರೋಲು ಹನಿಸಿ, ಅವನ ಕಣ್ಣೆದುರಿಗೇ ಏಣಿನ ಮೇಲೆ ಎರಡು ಸಲ ಎಳೆದಳು. ಗೇಣುದ್ದದ ಕಲೆ ಎದ್ದು ಕೂತಿತು.

‘ನನಗ ತಿಳೀಲಿಲ್ರಿ, ಸಾವಕಾರ್ರ. ತಪ್ಪು ಪಾಲಿಶ್ ಹಾಕಿ ಕೆಡಿಸೇನಿ. ಕೆಡಿಸಿ ಮುಚ್ಚಿದ್ದೆ.’ ಬಿಳಿ ಬಟ್ಟೆ ತಂದು ಅವನ ಕೈಗಿಟ್ಟಳು. ‘ಈ ಕೆಂಪು ಕಾರಿಂದ ಅಂದಕೊಂಡೆ. ಇದು ನಿಮ್ಮ ಮೆಣಸಿನಕಾಯಿದು.’

ಅವನು ಬಟ್ಟೆ ಮೂಗಿನ ಹತ್ತಿರ ತಂದು ಸೀನಿದ. ಮುಖ ಬಿಗಿಯಾಯಿತು.

‘ಇಷ್ಟು ಘಾಟು ಐತಿ. ಬ್ಯಾಡಗ್ಯಾಗ ಹುಟ್ಟಿ ಬೆಳದಾಕಿಗೆ ಇದು ತಿಳೀಲಿಲ್ಲ ಅಂದ್ರ ಹೆಂಗ ನಂಬಲಿ?’

‘ನನಗ ವಾಸನಿ ಬರೂದಿಲ್ರಿ. ಹನ್ನೆರಡು ವರ್ಷ ಆತು. ಯಾವ ವಾಸನೀನೂ ಬರೂದಿಲ್ಲ.’

ಹನ್ನೆರಡು ವರ್ಷದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ವಿಜಯಮಹಾಂತೇಶ ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. ತನ್ನ ಮೆಣಸಿನಕಾಯಿ ರಾಶಿಯ ಮುಂದೆ ಕೂರುವ ಹೆಂಗಸರ ನೆನಪಾಯಿತೋ, ಬರೀ ಸಿಟ್ಟೇ ಬಂತೋ, ಅವನ ಮುಖದಲ್ಲಿ ಏನೂ ಕಾಣಲಿಲ್ಲ.

‘ಶುಕ್ರವಾರ ಹಿಂಗ ನಿಲ್ಲಸತೇನಿ’ ಎಂದ. ‘ಆಮ್ಯಾಲೆ ನಿಮ್ಮ ಮನಿಯವರಿಗೆ ಹೇಳಿ ಬಾನೆಟ್ಟಿಗೆ ಬಣ್ಣ ಹೊಡಸ್ರಿ. ಮಂದಿಗೆ ನಾ ಛಲೋನೂ ಹೇಳೂದಿಲ್ಲ, ಕೆಟ್ಟದ್ದೂ ಹೇಳೂದಿಲ್ಲ. ಅವರು ಕೇಳಿದ್ರ ಆದದ್ದು ಹೇಳತೇನಿ.’

ಕಾರು ಹೋಯಿತು. ಬೋರ್ಡು ಉಳಿಯುತ್ತದೋ ಇಳಿಯುತ್ತದೋ ಯಾರಿಗೆ ಗೊತ್ತು. ಅಕ್ಬರಬಿ ಸ್ಟೂಲಿನ ಮೇಲೆ ಕೂತಳು. ಖಾಲಿ ಕೈಯಲ್ಲಿ, ಕೂತೇ ಇದ್ದಳು.

ಮೆಹಬೂಬಿ ಕೂಸನ್ನು ಸೊಂಟದಿಂದ ಹೆಗಲಿಗೆ ಹಾಕಿಕೊಂಡು ತಾಯಿಯ ಹತ್ತಿರ ಬಂದಳು.

‘ಮೊನ್ನಿ ಕೂಸಿನ ನೆತ್ತಿ ಮೂಸಿ, ಹಸಿ ಹಾಲಿನ ವಾಸನಿ ಬರತೈತಿ ಅಂದ್ಯೆಲ್ಲ, ಅವ್ವ.’

‘ಹೂಂ.’

‘ಸುಳ್ಳ ಹೇಳಿದಿ?’

‘ಸುಳ್ಳಲ್ಲ. ನೀ ಹುಟ್ಟಿದಾಗ ನನಗ ವಾಸನಿ ಬರತಿತ್ತು. ನಿನ್ನ ನೆತ್ತಿದು ನೆನಪೈತಿ. ಅದನ್ನ ಹೇಳಿದೆ.’

ಮೆಹಬೂಬಿಯ ಕಣ್ಣು ತುಂಬಿತು. ಪಕ್ಕದಲ್ಲಿ ನೆಲದ ಮೇಲೆ ಕೂತು, ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಬಗ್ಗಿ ಅದರ ನೆತ್ತಿ ಮೂಸಿದಳು.

‘ಹಾಲಿಂದಲ್ಲ, ಅವ್ವ’ ಎಂದಳು. ‘ಇವಂದು ಬ್ಯಾರೆ ಐತಿ. ಮೊದಲ ಕೊಬ್ಬರಿ ಎಣ್ಣಿ ಬರತೈತಿ. ಅದರ ಕೆಳಗ ಒಂಚೂರು ಬೆವರು, ಬಿಸಲಾಗ ಒಣಗಿದ ಅರಿವಿ ಇರತೈತೆಲ್ಲ, ಹಂಗ.’

ಅಕ್ಬರಬಿ ಕಣ್ಣು ಮುಚ್ಚಿಕೊಂಡು, ‘ಇನ್ನೊಮ್ಮೆ ಹೇಳು’ ಎಂದಳು.